ರಾಯಾಪುರದ ರೊಟ್ಟಿ ಕೇಂದ್ರದಲ್ಲಿ ಕೇಳಿದ ಶ್ರುತಿ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. ಯಾರಾದರೂ ಪವಾಡದ ಮಾತು ತೆಗೆದರೆ "ಹೋಗಿ ಮಲಕೋರಿ" ಎಂದು ಚೇಷ್ಟೆ ಮಾಡುತ್ತಿದ್ದೆ. ಈಗ ಹಾಗೆ ಅನ್ನಲು ನಾಲಿಗೆ ಏಳುವುದಿಲ್ಲ.

ನಾನು ಹಾಡು ಕಲಿತದ್ದು ಧಾರವಾಡದ ಒಬ್ಬ ಹಿಂದೂಸ್ತಾನಿ ಗಾಯಕಿಯ ಹತ್ತಿರ; ಶಿಷ್ಯರಿಗೆಲ್ಲ ಅವರು ಅಕ್ಕೋರು. ದೊಡ್ಡ ದೊಡ್ಡ ಮೈಫಿಲುಗಳಲ್ಲಿ ಹಾಡಿದವರು ಅವರು. ಆದರೆ ಗುರುವಾರ ಮಧ್ಯಾಹ್ನ ಯಾರು ಕರೆದರೂ ಹೋಗುತ್ತಿರಲಿಲ್ಲ. ಅದು ರಾಯಾಪುರದ ರೊಟ್ಟಿ ಕೇಂದ್ರದ ಹೆಣ್ಣುಮಕ್ಕಳಿಗೆ ಮೀಸಲು. ಹತ್ತು ಹನ್ನೆರಡು ಜನ ಜೋಳದ ರೊಟ್ಟಿ ಬಡಿಯುತ್ತಿದ್ದರೆ ಇವರು ಹಿಟ್ಟಿನ ಚೀಲಗಳ ಪಕ್ಕ ಚಾಪೆಯ ಮೇಲೆ ಕೂತು ಖ್ಯಾಲು ಹಾಡುವರು. ತಬಲಾ ಇಲ್ಲ, ರೊಟ್ಟಿ ಬಡಿಯುವ ಸದ್ದೇ ತಾಳ. ಆ ಹೆಂಗಸರು ಎಷ್ಟು ಪಳಗಿದ್ದರೆಂದರೆ, ತಾಳದ ಸುತ್ತು ಮುಗಿದು ಸಮ್ ಬಂದಾಗ ಎಲ್ಲರ ಕೈಯೂ ಒಟ್ಟಿಗೇ ಹಿಟ್ಟಿನ ಮೇಲೆ ಬೀಳುತ್ತಿತ್ತು. "ಇಷ್ಟ ತಿಳದು ಕೇಳೋ ಮಂದಿ ನನಗ ಎಲ್ಲೂ ಸಿಕ್ಕಿಲ್ಲ" ಎನ್ನುತ್ತಿದ್ದರು ಅಕ್ಕೋರು. ಬಾಯುಪಚಾರಕ್ಕೆ ಆಡಿದ ಮಾತಲ್ಲ ಅದು. ಅವರನ್ನು ನಾನು ನಿಜವಾಗಿ ಗುರು ಎಂದುಕೊಂಡದ್ದು ಆ ಚಾಪೆಯ ಮೇಲೆ ನೋಡಿದ ಮೇಲೆಯೇ.

ಕೆಲವು ವರ್ಷಗಳ ಹಿಂದೆ ಅವರ ಗಂಟಲಿಗೆ ಆಪರೇಷನ್ ಆಯಿತು. ಎಂಟು ತಿಂಗಳು ಎಲ್ಲಿಯೂ ಹಾಡಲಿಲ್ಲ. ಮನೆಯಲ್ಲಿ ಅಭ್ಯಾಸಕ್ಕೆ ಕೂತರೆ ಷಡ್ಜವೇ, ಮೊದಲ ಸಾ ಸ್ವರವೇ ನಿಲ್ಲದು, ಜಾರುತ್ತಿತ್ತು. ಕಡೆಗೊಂದು ಗುರುವಾರ ನನ್ನನ್ನು ಕರೆದುಕೊಂಡು ರಾಯಾಪುರಕ್ಕೆ ಹೊರಟರು. ಆಟೋದಲ್ಲಿ ಮೆಲ್ಲಗೆ, "ಇವತ್ತ ಸಾ ಹತ್ತಲಿಲ್ಲಂದ್ರ ತಂಬೂರಿಗೆ ಗವಸಣಗಿ ಹಾಕಿಬಿಡ್ತೇನಿ. ಮತ್ತ ಬಿಚ್ಚಂಗಿಲ್ಲ" ಎಂದರು.

ಕೇಂದ್ರದಲ್ಲಿ ತಂಬೂರಿಗೆ ಜಾಗ ಸಾಲದು. ಹಾಗಾಗಿ ಕರೆಂಟಿನ ಶ್ರುತಿ ಪೆಟ್ಟಿಗೆ ಒಯ್ಯುತ್ತಿದ್ದೆವು. ಅಂದು ನಮ್ಮ ಜಾಗದಲ್ಲಿ ಚೀಲ ಒಟ್ಟಿದ್ದರಿಂದ ಮೂಲೆಯ ಬೋರ್ಡಿಗೆ ವೈರು ಸಿಕ್ಕಿಸಿ ಗುಂಡಿ ತಿರುಗಿಸಿದೆ. ಶ್ರುತಿ ತುಂಬಿಕೊಂಡು ಬಂತು. ಅಕ್ಕೋರ ಮೊದಲ ಸಾ ನಡುಗಿತು. ಎರಡನೆಯದು ಹತ್ತಿತು, ಹತ್ತಿ ನಿಂತಿತು. ಒಂದು ತಾಸು ಭೀಮಪಲಾಸ ಹಾಡಿದರು. ಹಂಚಿನ ಮೇಲೆ ರೊಟ್ಟಿ ಹೊತ್ತಿದ್ದು ಯಾರಿಗೂ ಗೊತ್ತಾಗಲಿಲ್ಲ.

ಮುಗಿದ ಮೇಲೆ ಅಕ್ಕೋರು ಹೊರಗೆ ಆಟೋದಲ್ಲಿ ಹೋಗಿ ಕೂತರು, ನಾನು ವೈರು ಸುತ್ತುತ್ತಿದ್ದೆ. ಕೇಂದ್ರ ನಡೆಸುವ ಶಾಂತವ್ವ ಬಂದು, "ಸರ, ಆ ಬೋರ್ಡ್ ಸುಟ್ಟು ನಾಕ ದಿನಾ ಆತ್ರಿ. ಅದಕ್ಕ ಯಾಕ ಹಚ್ಚೀರಿ?" ಎಂದಳು.

ನಕ್ಕು, ಮತ್ತೆ ಸಿಕ್ಕಿಸಿ ತೋರಿಸಿದೆ. ಪೆಟ್ಟಿಗೆ ಮೂಕ. ಬೇರೆ ಬೋರ್ಡಿಗೆ ಹಚ್ಚಿದರೆ ನುಡಿಯಿತು. ಅದು ಸೆಲ್ಲು ಹಾಕುವ ಪೆಟ್ಟಿಗೆಯೂ ಅಲ್ಲ.

"ಹಂಗಾರ ಇಷ್ಟೊತ್ತು ನಿಮಗ ಶ್ರುತಿ ಕೇಳಲಿಲ್ಲೇನು?" ಎಂದೆ.

"ಕೇಳ್ತಲ್ರಿ. ಮುಗಿಯೂತನಕ ಗುಂಯ್ ಅಂತಿತ್ತಲ್ಲ."

ಪಕ್ಕದ ಹಿಟ್ಟಿನ ಗಿರಣಿ ಇರಬಹುದೆಂದು ಓಡಿದೆ. ಅಂದು ಅದಕ್ಕೆ ರಜೆ, ಬಾಗಿಲಿಗೆ ಬೀಗ. ಹೆಂಗಸರೇ ಗುನುಗಿದರೇ ಎಂದು ಒಬ್ಬೊಬ್ಬರನ್ನೇ ಕೇಳಿದೆ. ಯಾರೂ ತುಟಿ ಬಿಚ್ಚಿಲ್ಲವೆಂದು ಆಣೆ ಮಾಡಿದರು.

ಹೇಳಿದರೆ ಎಲ್ಲಿ ಹೆದರಿ ಹಾಡು ಬಿಡುತ್ತಾರೋ ಎಂದು ಅಳುಕಿದರೂ, ಆಟೋದಲ್ಲಿ ಅಕ್ಕೋರಿಗೆ ಎಲ್ಲ ಹೇಳಿಬಿಟ್ಟೆ. ಸತ್ತೂರು ದಾಟಿದ ಮೇಲೆ ಅವರು ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು.

"ಅಂದ್ರ, ಪೆಟ್ಟಿಗಿ ಆಸರಾ ಇಲ್ಲದ ನಿಂತ ಆ ಸಾ ನಂದಽ ಇತ್ತೇನೋ ತಮ್ಮಾ?"

"ಹೌದ್ರಿ ಅಕ್ಕೋರ" ಎಂದೆ. ಅದಕ್ಕಿಂತ ಹೆಚ್ಚು ನನಗೆ ಅಂದೂ ತಿಳಿಯಲಿಲ್ಲ, ಇಂದೂ ತಿಳಿದಿಲ್ಲ.