ಅಕ್ಕಾರ ಸೆರಗಿನಲ್ಲಿದ್ದ ಚಾವಿ

ಮೊನ್ನೆ ಬಂಕಾಪುರದ ಆ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಡುವಾಗ ಹಳೆಯ ಗ್ರೀಸಿನ ವಾಸನೆ ಮೂಗಿಗೆ ಬಡಿಯಿತು. ಗಾಡಿ ರಿಪೇರಿಯ ಮಿಸ್ತ್ರಿಯವರ ಹೆಂಡತಿ ತೀರಿಕೊಂಡು ಮೂರು ದಿನವಾಗಿತ್ತು. ನಾವು ಡ್ರೈವರುಗಳೆಲ್ಲ ಅವರನ್ನು ಅಕ್ಕಾರು ಅಂತಲೇ ಕರೆಯುತ್ತಿದ್ದೆವು…

ಮಿಸ್ತ್ರಿಯವರ ಗ್ಯಾರೇಜು ಮನೆಯ ಮುಂದೆಯೇ ಇತ್ತು. ಸುತ್ತಿಗೆ ಬಡಿದು ಬಡಿದು ಅವರ ಕಿವಿ ಹೋಗಿತ್ತು. ಕಿವಿಗೆ ಬಾಯಿಟ್ಟು ಕೂಗಿದರಷ್ಟೇ ಕೇಳಿಸುತ್ತಿತ್ತು. ಹಾಗಾಗಿ ಗಾಡಿಯ ಸಪ್ಪಳ ಕೇಳುವ ಕೆಲಸ ಅಕ್ಕಾರದು. ಹಿಂದಿನ ಗಾಲಿಗಳಿಗೆ ಕಟ್ಟಿಗೆಯ ತುಂಡು ಅಡ್ಡ ಕೊಟ್ಟು, ಮುಂಭಾಗವನ್ನು ಎರಡು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿದ ಮೇಲೆ ಅಕ್ಕಾರು ಹೆಗಲು ಕೊಟ್ಟು ಗಾಡಿಯನ್ನು ಅಲುಗಿಸಿ ನೋಡುತ್ತಿದ್ದರು. ಅಲುಗದಿದ್ದರೆ ಮಾತ್ರ ಮಿಸ್ತ್ರಿ ಕೆಳಗೆ ಹೋಗಬೇಕು. ಅಷ್ಟು ಹೊತ್ತೂ ಚಾವಿ ಅಕ್ಕಾರ ಸೆರಗಿನ ಗಂಟಿನಲ್ಲಿ. ಗಂಡ ಹೊರಬಂದು ಎದುರಿಗೆ ನಿಂತ ಮೇಲೆಯೇ ಗಂಟು ಬಿಚ್ಚುತ್ತಿದ್ದರು. ಗಾಲಿ ತಿರುಗುವಾಗ ನಾಲ್ಕು ಹೆಜ್ಜೆ ದೂರ ನಿಂತು, ಕಣ್ಣು ಮುಚ್ಚಿ ಕೇಳಿ, ಕೆಟ್ಟದ್ದು ಎಲ್ಲಿ ಎಂದು ಬೆರಳು ತೋರಿಸುತ್ತಿದ್ದರು. ಆ ಬೆರಳು ತಪ್ಪಿದ್ದನ್ನು ನಾನಂತೂ ನೋಡಿಲ್ಲ.

ಆಗ ನಾನು ದುಂಡಸಿಯಿಂದ ಬಾಡಿಗೆ ಕಾರು ಓಡಿಸುತ್ತಿದ್ದೆ. ಅದು ಒಂದು ದಿನ ಕಟಕಟ ಅನ್ನತೊಡಗಿತು. ಅಕ್ಕಿಆಲೂರಿಗೆ ಮದುವೆ ಮಂದಿಯನ್ನು ಮುಟ್ಟಿಸಬೇಕಿತ್ತು. ಹೊತ್ತಾಗುತ್ತದೆಂದು ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಗಾಡಿ ಎತ್ತಿ, ಒಮ್ಮೆ ಗಾಲಿ ತಿರುಗಿಸಿದ್ದಾಯಿತು. ಅಕ್ಕಾರು ತಲೆ ಅಲ್ಲಾಡಿಸಿದರು.

"ಇದು ಸುಳ್ಳು ಸಪ್ಪಳ. ಗಾಲಿ ಜೋತುಬಿದ್ದಾವಲ್ಲ, ಅದಕ್ಕ ಹಿಂಗ ಬರಾಕತ್ತೈತಿ. ರಸ್ತಾದ ಮ್ಯಾಲೆ ಇದ್ದಂಗ ಕೂಡಬೇಕು."

ಸ್ಟ್ಯಾಂಡುಗಳ ಜಾಗ ಬದಲಿಸಲು ಮಿಸ್ತ್ರಿ ಮತ್ತೆ ಕೆಲಸಕ್ಕಿಳಿದರು. ಗಾಲಿ ನೆಲ ಮುಟ್ಟದೆಯೇ ಸರಿಯಾಗಿ ಕೂತವು. ಅಕ್ಕಾರು ಅಲುಗಿಸಿ ನೋಡಿದ ಮೇಲೆ ಮಿಸ್ತ್ರಿ ಕೆಳಗೆ ಹೋದರು. ಒಲೆಯ ಮೇಲಿನ ಹಾಲು ಉಕ್ಕುತ್ತದೆಂದು ಅಕ್ಕಾರು ಚಾವಿ ಸಮೇತ ಒಳಗೆ ಹೋದರು. ನಾನು ಸೀಟಿನಲ್ಲಿ ಕೂತು ಗಡಿಯಾರ ನೋಡಿದೆ. ಮಿಸ್ತ್ರಿಯ ಕಾಲು ಕಾಣಲಿಲ್ಲ. ಹೊರಬಂದಿದ್ದಾರೆಂದು ನಾನೇ ಅಂದುಕೊಂಡೆ. ನನ್ನ ಕಿಸೆಯಲ್ಲಿ ಅದೇ ಗಾಡಿಯ ಇನ್ನೊಂದು ಚಾವಿ ಇತ್ತು. ಶುರು ಮಾಡಿ ಗೇರ್ ಹಾಕಿದೆ.

ಬಾಗಿಲಿನಿಂದ ಅಕ್ಕಾರು ಕಿರುಚಿದ್ದು ಇವತ್ತಿಗೂ ಕೇಳಿಸುತ್ತದೆ. ಆಫ್ ಮಾಡಿದೆ. ಮಿಸ್ತ್ರಿ ಕೆಳಗಿನಿಂದ ತೆವಳಿಕೊಂಡು ಬಂದರು. ಹೆಗಲ ಮೇಲಿನ ಟವೆಲ್ಲನ್ನು ಗಾಲಿ ಎಳೆದುಕೊಂಡಿತ್ತು, ಕುತ್ತಿಗೆ ತರಚಿತ್ತು. ಕೈಯಲ್ಲಿ ನಟ್ಟು ಬಿಚ್ಚುವ ಮೊಳದುದ್ದದ ಪಾನಾ.

"ಚಾವಿ ಯಾರು ಕೊಟ್ರು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕಾರು ಚಾವಿ ಇದ್ದ ಸೆರಗಿನ ಗಂಟನ್ನು ಸೊಂಟಕ್ಕೆ ಸಿಕ್ಕಿಸಿ, ಗಂಡನ ಕಿವಿಗೆ ಬಾಯಿಟ್ಟು ಕೂಗಿದರು: "ನಾನ ಕೊಟ್ಟೆ! ನೀವು ಹೊರಗ ಬಂದೀರಿ ಅಂತ ತಿಳಕೊಂಡೆ!"

ಮಿಸ್ತ್ರಿ ಪಾನಾ ಕೆಳಗಿಟ್ಟರು. ಆಮೇಲೆ ನಾನು ಅಕ್ಕಾರ ಹತ್ತಿರ ಹೋಗಿ, ಹಾಗೇಕೆ ಹೇಳಿದಿರಿ ಎಂದೆ.

"ಅವರ ಕೈಯಾಗ ಪಾನಾ ಇತ್ತಲ್ಲೋ ಹುಚ್ಚಾ. ನಿನ್ನ ಹೆಸರ ಹೇಳಿದ್ರ ನೀ ದವಾಖಾನಿಗೆ, ಅವರು ಪೊಲೀಸ್ ಸ್ಟೇಷನ್ನಿಗೆ. ಹೋಗು, ಮದುವಿ ಮಂದಿ ಕಾಯಾಕತ್ತಿರಬೇಕು."

ಅವತ್ತಿನಿಂದ ಮಿಸ್ತ್ರಿ ಚಾವಿಯನ್ನು ತಮ್ಮ ಅಂಗಿಯ ಕಿಸೆಯಲ್ಲೇ ಇಟ್ಟುಕೊಳ್ಳತೊಡಗಿದರು. ಅಕ್ಕಾರು ಬಂದು ಸಪ್ಪಳ ಕೇಳಿ, ಬೆರಳು ತೋರಿಸಿ, ಒಳಗೆ ಹೋಗುತ್ತಿದ್ದರು. ನಾನು ಹನ್ನೆರಡು ವರ್ಷ ಅದನ್ನು ನೋಡುತ್ತ ಬಾಯಿ ಮುಚ್ಚಿಕೊಂಡಿದ್ದೆ. ಇಂದು ಯಾವ ಗಾಡಿಯನ್ನಾದರೂ ಎತ್ತಿ ಸುರಕ್ಷಿತವಾಗಿ ಓಡಿಸಿ ತೋರಿಸುತ್ತೇನೆ, ಆ ಧೈರ್ಯ ನನಗಿದೆ. ಆ ಒಂದು ಮಾತಿಗೆ ಮಾತ್ರ ಧೈರ್ಯ ಬಂದಿರಲಿಲ್ಲ…

ಮೊನ್ನೆ ಮನೆ ತುಂಬ ಜನ ಕೂತಿದ್ದರು. ಮಿಸ್ತ್ರಿ ಎಲ್ಲರಿಗೂ ಹೇಳುತ್ತಿದ್ದರು: "ಆಕಿ ಭಾಳ ಹುಷಾರ್ ಇದ್ಲು. ಜೀವನದಾಗ ಒಮ್ಮಿ ಅಷ್ಟ ತಪ್ಪಿದ್ಲು, ನಾ ಕೆಳಗಿದ್ದಾಗ ಚಾವಿ ಕೊಟ್ಟಬಿಟ್ಲು."

ಇನ್ನು ತಡೆಯಲಾಗಲಿಲ್ಲ. ಅವರ ಹತ್ತಿರ ಕೂತು ಕಿವಿಗೆ ಬಾಯಿಟ್ಟೆ. ಮೆಲ್ಲಗೆ ಹೇಳುವ ಮಾತಾಗಿತ್ತು; ಆ ಕಿವಿಗೆ ಮೆಲ್ಲಗೆ ಹೇಳುವಂತಿರಲಿಲ್ಲ. "ಅಕ್ಕಾರು ಕೊಡ್ಲಿಲ್ರೀ! ನನ್ನ ಕಡೆ ಇನ್ನೊಂದು ಚಾವಿ ಇತ್ತು!" ಮನೆಯೆಲ್ಲ ಕೇಳಿತು.

ಮಿಸ್ತ್ರಿ ತಮ್ಮ ಅಂಗಿಯ ಕಿಸೆಯನ್ನು ಮುಟ್ಟಿ ನೋಡಿಕೊಂಡರು.

"ಆಕಿ ಇದ್ದಾಗ ಹೇಳಿದ್ರ, ಚಾವಿ ಆಕಿ ಕೈಯಾಗ ತಿರುಗಿ ಕೊಡ್ತಿದ್ನಲ್ಲಪಾ" ಎಂದರು.

ಅಕ್ಕಾರು ಇದ್ದಿದ್ದರೆ ಏನಾದರೊಂದು ಹೇಳಿ ನನ್ನನ್ನು ಪಾರು ಮಾಡುತ್ತಿದ್ದರು.