ಸೊನ್ನೆಗಿಂತ ಹಿಂದಿನವರು

ಬೆಳಕು ಹರಿಯುವ ಮುಂಚೆ ಸೈಲಾಳ ಕೆಲಸಗಳು: ಬಾಗಿಲ ಮುಂದಿನ ಹಿಮ ತಳ್ಳುವುದು. ಕಾಫಿಗೆ ಇಡುವುದು. ಅತ್ತೆ ಹಿಲ್ಕಾಳ ಒದ್ದೆ ಬಟ್ಟೆ ಬದಲಿಸಿ, ಮೈ ಒರೆಸಿ ಕುರ್ಚಿಗೆ ಕೂರಿಸುವುದು. ಗಂಜಿ ತಳ ಹಿಡಿಯದಂತೆ ಕಲಕುವುದು. ಮಗಳ ಕೈಗವಸು ಒಣಗಿದೆಯೇ ಎಂದು ಮುಟ್ಟಿ ನೋಡುವುದು. ಒಂದು ಕೈಯಲ್ಲಿ ಗಂಜಿಯ ಸೌಟು ಹಿಡಿದೇ, ರಾತ್ರಿ ಗಂಡಸರು ಬರೆದುಕೊಂಡ ಜಗಳವನ್ನು ಫೋನಿನಲ್ಲಿ ಓದುವುದು. ಜನವರಿಯ ಔಲು ನಗರದಲ್ಲಿ ಬೆಳಕಾಗುವುದೇ ತಡ. ಇಷ್ಟೆಲ್ಲ ಕೆಲಸಕ್ಕೂ ಸಾಕಾಗುವಷ್ಟು ಕತ್ತಲೆ ಇರುತ್ತದೆ.

ಜಗಳ ಭಾಗಾಕಾರದ್ದು. ಸೈಲಾ, ಅವಳ ಗಂಡ ಯೌನಿ, ಹೆಲ್ಸಿಂಕಿಯ ಪೆಂಟಿ ಮೂವರೂ ಸೇರಿ ತಾರೀಖು ಲೆಕ್ಕ ಹಾಕುವ ಒಂದು ಸಣ್ಣ ಪ್ರೋಗ್ರಾಂ ಮಾಡಿ, ಯಾರು ಬೇಕಾದರೂ ಬಳಸಲಿ ಎಂದು ಇಂಟರ್ನೆಟ್ಟಿನಲ್ಲಿ ಬಿಟ್ಟಿದ್ದರು. ಬರೆದು ಹೆಸರು ಹಾಕಿಕೊಂಡವರು ಗಂಡಸರು. ಬಂದ ದೂರು ಓದಿ, ಉತ್ತರ ಕೊಟ್ಟು, ಕಸ ಗುಡಿಸುವ ಕೆಲಸ ಸೈಲಾಳದು. ಏನು ತಿದ್ದಬೇಕಾದರೂ ಮೂವರೂ ಒಪ್ಪಬೇಕು ಎಂದು ಮಾತಾಗಿತ್ತು.

ಕಂಪ್ಯೂಟರಿಗೆ ೧೯೭೦ರ ಮೊದಲ ದಿನವೇ ಸೊನ್ನೆ. ಅದಕ್ಕೂ ಹಿಂದಿನದೆಲ್ಲ ಋಣಸಂಖ್ಯೆ. ಸೆಕೆಂಡುಗಳನ್ನು ಭಾಗಿಸಿ ದಿನ ಮಾಡಿದಾಗ ಉಳಿಯುವ ಚೂರನ್ನು ಆ ಪ್ರೋಗ್ರಾಂ ಸುಮ್ಮನೆ ಬಿಸಾಡುತ್ತಿತ್ತು. ಈಚಿನವರಿಗೆ ಅದರಿಂದ ತೊಂದರೆಯಿಲ್ಲ. ಸೊನ್ನೆಗಿಂತ ಹಿಂದೆ ಹುಟ್ಟಿದವರು ಮಾತ್ರ ಸೊನ್ನೆಯ ಕಡೆಗೆ ಜಾರಿ ಮರುದಿನಕ್ಕೆ ಹೋಗಿ ಬೀಳುತ್ತಿದ್ದರು. ಮುದುಕರೆಲ್ಲ ಒಂದು ದಿನ ತಡವಾಗಿ ಹುಟ್ಟಿದಂತಾಗಿತ್ತು. ಶರತ್ಕಾಲದಲ್ಲಿ ಯಾರೋ ಇದನ್ನು ತೋರಿಸಿಕೊಟ್ಟಾಗ ಸೈಲಾ ಒಂದೇ ಸಾಲಿನ ತಿದ್ದುಪಡಿ ಮುಂದಿಟ್ಟಳು.

"ಆ ಸಾಲು ಬರೆದಿದ್ದು ನಾನು. ಕಂಪ್ಯೂಟರಿನ ಚಿಪ್ಪೇ ಹಾಗೆ ಭಾಗಿಸುತ್ತೆ, ನನ್ನದೇನೂ ತಪ್ಪಿಲ್ಲ," ಎಂದು ಯೌನಿ ಬರೆದ.

"ಚಿಪ್ಪಿನ ಹತ್ರ ಗಣಿತ ಕಲಿತೆಯೇನಯ್ಯಾ?" ಪೆಂಟಿ ಕುಟುಕಿದ. "ಡಾಕ್ಟರೇಟ್ ಇರೋದು ನನಗೆ. ಶೇಷ ಯಾವತ್ತೂ ಋಣ ಆಗಬಾರದು. ಬದಲಾಯಿಸೋದಾದ್ರೆ ಭಾಗಾಕಾರದ ವ್ಯಾಖ್ಯೆನೇ ಬದಲಾಗ್ಲಿ. ಸೈಲಾ ಹಾಕೋ ತೇಪೆಗೆಲ್ಲ ನಾನು ಒಪ್ಪಲ್ಲ."

ಎಲ್ಲರಿಗೂ ಕಾಣುವ ಆ ಚರ್ಚೆಗೆ ನೋಡನೋಡುತ್ತ ಊರೂರಿನವರು ಸೇರಿಕೊಂಡರು. "ಆ ಹೆಂಗಸು ಗಣಿತ ಓದಿದ್ದಾಳಾ?" ಎಂದೊಬ್ಬ ಕೇಳಿದ. "ಪಿಎಚ್‌ಡಿ ಅರ್ಧಕ್ಕೆ ಬಿಟ್ಟಳು," ಎಂದು ಉತ್ತರ ಕೊಟ್ಟವನು ಯೌನಿಯೇ. ತನ್ನ ತಾಯಿ ಹಾಸಿಗೆ ಹಿಡಿದ ವರ್ಷವೇ ಬಿಟ್ಟಳು ಎಂಬುದನ್ನು ಅವನು ಬರೆಯಲಿಲ್ಲ.

"ಯೌನಿ, ಅಮ್ಮನ್ನ ಎತ್ತಬೇಕು, ಬಾ."

"ತಡಿ, ಇವನ ಬಾಯಿ ಮುಚ್ಚಿಸಿ ಬರ್ತೀನಿ."

ಸೈಲಾ ಒಬ್ಬಳೇ ಎತ್ತಿದಳು. ಹಿಲ್ಕಾ ಅವಳ ಕುತ್ತಿಗೆಗೆ ಜೋತುಬಿದ್ದು ನಕ್ಕಳು. "ಇನ್ನೂ ಭಾಗಾಕಾರ ಮುಗೀಲಿಲ್ವೇನೇ ಅವನದ್ದು? ಸ್ಕೂಲಲ್ಲೂ ಹಿಂಗೇ, ತಪ್ಪು ಮಾಡಿ ಟೀಚರ್ ಮೇಲೇ ಜಗಳಕ್ಕೆ ಹೋಗ್ತಿದ್ದ."

ಚಳಿಗಾಲ ಬಂತು. ಚರ್ಚೆ ಬೆಳೆಯಿತು. ಸಾಲು ಇದ್ದಲ್ಲೇ ಇತ್ತು.

ಒಂದು ಗುರುವಾರ ಉತ್ತರದ ಒಂದು ಹಳ್ಳಿಯಿಂದ ಐಲಾ ಎಂಬ ನರ್ಸ್ ಸೈಲಾಳಿಗೆ ಬರೆದಳು. "ನಾನು ಮನೆಮನೆಗೆ ಹೋಗಿ ವಯಸ್ಸಾದವರನ್ನ ನೋಡ್ಕೊಳ್ಳೋಳು. ಈ ಸಲ ನಮ್ಮಲ್ಲಿ ಹೊಸ ಔಷಧಿ ಪೆಟ್ಟಿಗೆ ಕೊಟ್ಟಿದ್ದಾರೆ. ಪೊಟ್ಟಣದ ಮೇಲಿನ ಹುಟ್ಟಿದ ದಿನಕ್ಕೂ ಪೆಟ್ಟಿಗೆ ಲೆಕ್ಕ ಹಾಕಿದ ದಿನಕ್ಕೂ ತಾಳೆಯಾದ್ರೆ ಮಾತ್ರ ತೆರೆಯುತ್ತೆ. ತೌನೋ ಅಂತ ಒಬ್ಬ ಅಜ್ಜ, ಹೃದಯದ ಕಾಯಿಲೆ. ಹೋದ ಶನಿವಾರ, ಭಾನುವಾರ ಪೂರ್ತಿ ಅವರ ಪೆಟ್ಟಿಗೆ ತೆರೆದೇ ಇಲ್ಲ. ಸೋಮವಾರ ನಾನು ಹೋದಾಗ ಪಕ್ಕದಲ್ಲಿ ಬೆಣ್ಣೆ ಚಾಕು ಬಿದ್ದಿತ್ತು. ಮುಚ್ಚಳದ ಸುತ್ತ ಗೀರಿ ಗೀರಿ ನೋಡಿದ್ದಾರೆ. ಅಡುಗೆಮನೆ ನೆಲದ ಮೇಲೇ ಹೋಗಿಬಿಟ್ಟಿದ್ರು. ಒಳಗಿರೋದು ನಿಮ್ಮ ಪ್ರೋಗ್ರಾಂ ಅಂದ್ರು ಪೆಟ್ಟಿಗೆಯವರು. ಈ ತಪ್ಪು ನಿಮಗೆ ಮೊದಲೇ ಗೊತ್ತಿತ್ತಾ?"

ಸೈಲಾ ಅದನ್ನು ಗಟ್ಟಿಯಾಗಿ ಓದಿದಳು. ಯೌನಿ ಕಾಫಿ ಲೋಟ ಕೆಳಗಿಟ್ಟು ಪೆಂಟಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. ಇಬ್ಬರೂ ಮೊದಲ ಬಾರಿಗೆ ಒಂದೇ ಮಾತಾಡಿದರು.

"ಆ ತಿದ್ದುಪಡಿ ಸದ್ದಿಲ್ಲದೆ ಸೇರಿಸಿಬಿಡಿ, ನಂದೂ ಒಪ್ಪಿಗೆ," ಎಂದ ಪೆಂಟಿ.

"ಹಳೇ ಚರ್ಚೆ ತೆಗೆದುಬಿಡೋಣ," ಎಂದ ಯೌನಿ. "ಪರೀಕ್ಷೆ ಮಾಡದೆ ಪೆಟ್ಟಿಗೆಗೆ ಹಾಕಿಕೊಂಡಿದ್ದು ಅವರ ತಪ್ಪು. ನೀನು ಉತ್ತರ ಗಿತ್ತರ ಬರೀಬೇಡ ಸೈಲಾ, ನಿನ್ನ ದಮ್ಮಯ್ಯ. ನನ್ನ ಕೆಲಸ ಹೋಗುತ್ತೆ."

"ಅವಳು ಕೇಳಿದ್ದು ಗೊತ್ತಿತ್ತಾ ಅಂತ."

"ನಿನಗೂ ಗೊತ್ತಿತ್ತಲ್ಲ! ನಿನ್ನ ಹೆಸರೂ ಬರುತ್ತೆ ಅದರಲ್ಲಿ."

ಅದು ನಿಜವಾಗಿತ್ತು. ತಿದ್ದುವ ಅಧಿಕಾರ ಅವಳ ಕೈಯಲ್ಲೂ ಇತ್ತು. ಆದರೂ ಇಬ್ಬರು ಗಂಡಸರು ಒಪ್ಪಲಿ ಎಂದು ಕಾದಿದ್ದಳು. ಊಟ ಆರುತ್ತಿದ್ದರೂ ಎಲ್ಲರೂ ಬಂದು ಕೂರಲಿ ಎಂದು ಕಾಯುವ ಹಾಗೆ.

ಯೌನಿ ಕೆಲಸಕ್ಕೆ ಹೋದ. ಸೈಲಾ ಮೊದಲು ಆ ಸಾಲನ್ನು ತಿದ್ದಿ ಸೇರಿಸಿದಳು, ಚರ್ಚೆಯನ್ನು ಮುಟ್ಟಲಿಲ್ಲ. ಆಮೇಲೆ, ಎಂಜಲು ತಟ್ಟೆಗಳನ್ನು ಮೇಜಿನ ಮೇಲೆಯೇ ಬಿಟ್ಟು, ಐಲಾಳಿಗೆ ಬರೆಯಲು ಕುಳಿತಳು.

"ಗೊತ್ತಿತ್ತು. ಶರತ್ಕಾಲದಿಂದಲೇ ಮೂವರಿಗೂ ಗೊತ್ತಿತ್ತು. ನಾನೊಬ್ಬಳೇ ಸರಿ ಮಾಡಬಹುದಿತ್ತು, ಮಾಡಲಿಲ್ಲ. ನಾವು ಆಡಿದ ಮಾತೆಲ್ಲ ಇದರ ಜೊತೆಗಿದೆ, ಯಾರಿಗೆ ಬೇಕಾದರೂ ತೋರಿಸಿ."

ಕೆಳಗೆ ತನ್ನ ಪೂರ್ತಿ ಹೆಸರು, ಮನೆಯ ವಿಳಾಸ ಹಾಕಿದಳು. ಕಳುಹಿಸಿದಳು.