ಅಕ್ಕನ ಮನೆಯ ಅಂಗಳ

ಭಾವನ ಬಲಗೈಯ ನಡುವಿನ ಎರಡು ಬೆರಳು ಕೊನೆಯವರೆಗೂ ಮಡಚಲಿಲ್ಲ. ಅನ್ನ ಕಲಸುವಾಗ ಅವೆರಡೂ ಸೆಟೆದು ಮೇಲೆ ನಿಂತಿರುತ್ತಿದ್ದವು. ಅವನ್ನು ಮುರಿದವನು ನಾನು. ಇದನ್ನು ಹೇಳಬೇಕೆಂದು ಎಷ್ಟೋ ಸಲ ಕುಳಿತು, ಬೇರೇನೋ ಹೇಳಿ ಎದ್ದಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ಮಾತು. ಭಾವ ಬೆಂಗಳೂರಿನ ಒಂದು ಕಂಪನಿಯಲ್ಲಿ ಕಟ್ಟಡದ ನಕ್ಷೆ ಬರೆಯುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮಾಲೂರಿನ ಕಡೆಯಿಂದ ಚಪ್ಪಡಿ ಕಲ್ಲು ಸಾಗಿಸುವ ಲಾರಿ ಇಟ್ಟುಕೊಂಡಿದ್ದೆ. ನನ್ನದು ಮೊದಲು ಏಟು, ಆಮೇಲೆ ಮಾತು.

ಕಂಪನಿಯವರು ಭಾವನನ್ನು ಒಂದು ವರ್ಷ ಜಪಾನಿಗೆ ಕಳಿಸಿದರು. ಬಂದವರ ಬಾಯಲ್ಲಿ ಅದೇ ಮಾತು. ಅಲ್ಲಿನ ಗ್ರಂಥಾಲಯಕ್ಕೂ ಟೌನ್‌ಹಾಲಿಗೂ ಗಾರೆಯಿಲ್ಲ, ಬಣ್ಣವಿಲ್ಲ. ಎರಕ ಹೊಯ್ದ ಹಲಗೆ ಬಿಚ್ಚಿದಾಗ ಕಾಂಕ್ರೀಟು ಹೇಗಿತ್ತೋ ಹಾಗೇ ಬಿಡುತ್ತಾರಂತೆ. ಓಣಿಯ ಪುಟ್ಟ ಮನೆಯ ನಡುವೆಯೂ ಸೂರಿಲ್ಲದ ಬಯಲು.

"ಮಳೆ ಬಂದ್ರೆ ಕೊಡೆ ಹಿಡ್ಕೊಂಡು ಊಟಕ್ಕೆ ಹೋಗ್ತಾರೆ ಕಣಯ್ಯಾ."

"ಅದೇನ್ ದೊಡ್ಡದು ಭಾವ? ನಮ್ಮನೇಲಿ ಊಟ ಮಾಡ್ತಾನೇ ಕೊಡೆ ಹಿಡೀತೀವಿ."

ಅವರು ಕೆಮ್ಮು ಬರುವಷ್ಟು ನಕ್ಕರು.

ಆಮೇಲೆ ನಮ್ಮೂರು ಮುಳಬಾಗಿಲಿನಲ್ಲಿ ಅಂಥದೇ ಮನೆ ಕಟ್ಟಿಸಿದರು. ಬೀದಿಗೆ ಬೂದು ಬಣ್ಣದ ಬೋಳು ಗೋಡೆ. ಕಿಟಕಿಯಿಲ್ಲ, ಜಗಲಿಯಿಲ್ಲ. ಒಳಗೆ ಅಡುಗೆಮನೆಗೂ ಮಲಗುವ ಕೋಣೆಗೂ ನಡುವೆ ಸೂರಿಲ್ಲದ ಅಂಗಳ. ಬೆಳಿಗ್ಗೆ ಕಾಫಿ ಲೋಟ ಹಿಡಿದು, ಗೋಡೆಯ ಮೇಲೆ ಮೂಡಿದ ಹಲಗೆಯ ಗೆರೆಗಳನ್ನು ಸವರುತ್ತಾ ನಿಲ್ಲುತ್ತಿದ್ದರು. "ಗಾರೆ ಮೆತ್ತೋದು ತಪ್ಪು ಮುಚ್ಚೋಕೆ. ನಾವು ತಪ್ಪೇ ಮಾಡಿಲ್ವಲ್ಲ" ಎನ್ನುತ್ತಿದ್ದರು.

ನಮ್ಮಮ್ಮ "ಇದೇಂ ಇಲ್ಲುರಾ, ಜೈಲಾ?" ಇದೆಂಥ ಮನೆಯೋ ಎಂದು ತೆಲುಗಿನಲ್ಲಿ ಹಣೆ ಚಚ್ಚಿಕೊಂಡಳು. ಎದುರು ಜಗಲಿಯಲ್ಲಿ ಕೂತವರು ನನ್ನನ್ನು ಕಂಡಾಗಲೆಲ್ಲ, "ಏನ್ಲಾ, ನಿಮ್ ಭಾವಂಗೆ ಸುಣ್ಣಕ್ಕೂ ಗತಿ ಇಲ್ವಾ? ಚಂದಾ ಎತ್ತಾಣ?" ಎನ್ನುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ಮಳೆಗಾಲದ ಒಂದು ಬೆಳಿಗ್ಗೆ ಬಸುರಿ ಅಕ್ಕ ಆ ಅಂಗಳದಲ್ಲಿ ಜಾರಿ ಬಿದ್ದಳು. ಕೋಲಾರದ ಆಸ್ಪತ್ರೆಯಲ್ಲಿ ಮಗು ಉಳಿಯಲಿಲ್ಲ. ನಾನು ಅಲ್ಲಿಂದ ನೇರ ಲಾರಿ ಓಡಿಸಿಕೊಂಡು ಬಂದು, ಕಲ್ಲೊಡೆಯುವ ಸುತ್ತಿಗೆಯಿಂದ ಬೀದಿಯ ಗೋಡೆಗೆ ಬಡಿಯತೊಡಗಿದೆ. ಅಕ್ಕನಿಗೆ ಸೀರೆ ಒಯ್ಯಲು ಬಂದಿದ್ದ ಭಾವ ಓಡಿಬಂದು ಗೋಡೆಗೆ ಅಂಗೈ ಒತ್ತಿ ನಿಂತರು.

"ತಡಿಯಯ್ಯಾ, ಒಂದ್ ಮಾತು ಕೇಳು."

ಕೈ ಕಾಣುತ್ತಿತ್ತು. ಕಂಡೇ ಹೊಡೆದೆ. ಮೂಳೆ ಮುರಿಯುವ ಸದ್ದು ಕಲ್ಲು ಸೀಳುವ ಸದ್ದಿಗಿಂತ ಎಷ್ಟೋ ಸಣ್ಣದು. ಹಲಗೆಯ ಗೆರೆಗಳ ಗುಂಟ ರಕ್ತ ಹರಿಯಿತು. ಕುಸಿದವರ ಹೊಟ್ಟೆಗೆ ಒದ್ದೆ, ಮತ್ತೆ ಒದ್ದೆ. ಎದುರು ಜಗಲಿಯಿಂದ ಯಾರೋ "ಹಾಕು, ಇನ್ನೊಂದ್ ಹಾಕು!" ಎಂದು ಕೂಗಿದರು. ಭಾವ ತುಟಿ ಬಿಚ್ಚಲಿಲ್ಲ. ಡಾಕ್ಟರಿಗೆ, ಕೆಲಸದಲ್ಲಿ ಹಲಗೆ ಬಿತ್ತು ಅಂದರು.

ಅಕ್ಕ ಮನೆಗೆ ಬರುವಷ್ಟರಲ್ಲಿ ನಾನೇ ಆಳು ಕರೆಸಿ ಅಂಗಳಕ್ಕೆ ಶೀಟು ಹೊದಿಸಿದ್ದೆ. ಅವಳು ಬಾಗಿಲಲ್ಲೇ ನಿಂತು ಮೇಲೆ ನೋಡಿದಳು.

"ಯಾರೋ ಇದನ್ನ ಹಾಕ್ಸಿದ್ದು?"

"ನಾನೇ ಅಕ್ಕ. ಆ ಮನುಷ್ಯ ನಿನ್ನ ಮಳೇಲಿ ಬಿಟ್ಟಿದ್ದು ಸಾಕು."

"ಅವ್ರು ನಕ್ಷೇಲಿ ಸೂರು ಬರೆದಿದ್ರು ಕಣೋ. ಬೇಡ ಅಂದೋಳು ನಾನು. ಅಮ್ಮನ ಮನೆ ಹೊಗೇಲಿ ಬೆಳೆದೋಳು, ಒಲೆ ಮುಂದಿಂದ ತಲೆ ಎತ್ತಿದ್ರೆ ಆಕಾಶ ಕಾಣ್ಲಿ ಅಂತ ಕೇಳಿದ್ದೆ."

ಆಗಲಾದರೂ ಬಾಯಿ ಮುಚ್ಚಬಹುದಿತ್ತು. ನನ್ನ ತಪ್ಪನ್ನು ಹೊರಲಾರದೆ, "ಹಂಗಾದ್ರೆ ಮಗೂನ ಕೊಂದೋಳು ನೀನೇ!" ಎಂದು ಕಿರುಚಿದೆ. ಅವಳು ಗೋಡೆ ಹಿಡಿದು ಕುಳಿತುಬಿಟ್ಟಳು.

ಭಾವ ಮುಂದೆ ಎಡಗೈಯಲ್ಲಿ ಗೆರೆ ಎಳೆಯುವುದನ್ನು ಕಲಿತರು. ನನ್ನನ್ನು ಊಟಕ್ಕೆ ಕರೆಯುವುದನ್ನು ಬಿಡಲಿಲ್ಲ. ಅವರು ಹಾಸಿಗೆ ಹಿಡಿದಾಗ ಕಾಲು ಹಿಡಿದು ಕೇಳಿದೆ, "ಅವತ್ತು ಯಾಕೆ ಹೇಳ್ಲಿಲ್ಲ ಭಾವ?"

"ಬೀದಿಯೆಲ್ಲಾ ಕೇಳ್ತಿತ್ತು. ಮಗು ಕಳ್ಕೊಂಡೋಳನ್ನ ಅವ್ರ ಬಾಯಿಗೆ ಕೊಡ್ಲಾ?"

"ನನ್ನ ಕ್ಷಮಿಸಿ."

"ಕೈ ವಿಷ್ಯ ಯಾವತ್ತೋ ಮುಗೀತು ಬಿಡು. ನೀನಂದ ಮಾತಿದೆಯಲ್ಲ, ಅದಕ್ಕೆ ಕ್ಷಮೆ ಅವಳನ್ನೇ ಕೇಳು. ಅಲ್ಲೇ ಅಡುಗೆಮನೇಲಿದಾಳೆ."

ನಾನು ಏಳಲಿಲ್ಲ. ಭಾವ ಹೋದರು. ಅಕ್ಕ ಆಮೇಲೂ ಬಹಳ ವರ್ಷ ಇದ್ದಳು. ಪ್ರತಿ ಹಬ್ಬಕ್ಕೂ ಅವಳ ಕೈಯಡುಗೆ ಉಂಡು, ಕೈ ತೊಳೆದು, "ಬರ್ತೀನಿ ಅಕ್ಕ" ಎಂದಷ್ಟೇ ಹೇಳಿ ಎದ್ದುಬಂದೆ. ಈಗ ಅವಳೂ ಇಲ್ಲ. ನಾನು ಕ್ಷಮೆ ಕೇಳದೆ ಉಳಿದದ್ದು ಅವಳೊಬ್ಬಳನ್ನೇ. ಅವಳ ಹೆಸರು ಕಮಲಮ್ಮ.